ಮಳೆಗಾಲಕ್ಕೆ ಹಾಲಿನ ಲಾರಿಯ ಟೈರು



ಪಶುವೈದ್ಯನಿಗೆ ಟೈರಿನ ಉಸಾಬರಿ ಏಕೆ ಎನ್ನಬೇಡಿ. ಕೆಚ್ಚಲು ತೊಳೆದು ಶುಚಿಯಾಗಿ ಕರೆದ ಹಾಲೂ ಲಾರಿ ದಾರಿಯಲ್ಲಿ ನಿಂತರೆ ಕ್ಯಾನಿನಲ್ಲೇ ಹುಳಿಯುತ್ತದೆ. ತಂಪು ಮಾಡುವವರೆಗೆ ರೋಗಾಣುಗಳು ಬೆಳೆಯುತ್ತಲೇ ಇರುತ್ತವೆ. ಶೀತಲೀಕರಣ ಕೇಂದ್ರದಲ್ಲಿ ಹಾಲು ತಿರಸ್ಕೃತವಾದರೆ ಪೆಟ್ಟು ಸಂಘಕ್ಕೆ, ಕೊನೆಗೆ ನಿಮಗೇ.

ಟೈರಿನ ಗೀರುಗಳು ನೀರನ್ನು ಪಕ್ಕಕ್ಕೆ ತಳ್ಳಿ ರಬ್ಬರು ರಸ್ತೆಯನ್ನು ಹಿಡಿಯುವಂತೆ ಮಾಡುತ್ತವೆ. ಅವು ಸವೆದರೆ ಗಾಡಿ ನೀರಿನ ಪದರದ ಮೇಲೆ ಜಾರುತ್ತದೆ, ಬ್ರೇಕು ಹಿಡಿಯದು. ಕಾನೂನಿನ ಪ್ರಕಾರ ಗೀರಿನ ಆಳ ಕನಿಷ್ಠ 1.6 ಮಿ.ಮೀ. ಇರಬೇಕು. ಮಲೆನಾಡಿನ ಮಳೆಗೆ ಇದು ಸಾಲದು, 3 ಮಿ.ಮೀ.ಗೆ ಇಳಿದಾಗಲೇ ಬದಲಿಸುವುದು ಲೇಸೆಂದು ನನ್ನ ಅಭಿಪ್ರಾಯ.

ಮುಂದಿನ ಗಾಲಿಗೆ ಉದ್ದ ಗೀರಿನ ರಿಬ್ ಟೈರು, ಹಿಂದಿನದಕ್ಕೆ ಕೆಸರಿನಲ್ಲಿ ಕಚ್ಚುವ ದಪ್ಪ ಹಲ್ಲಿನ ಲಗ್ ಟೈರು ಸೂಕ್ತ. ರೀಟ್ರೆಡ್ ಮಾಡಿಸಿದ್ದನ್ನು ಮುಂದಕ್ಕೆ ಹಾಕಿಸಬೇಡಿ. ಕೊಳ್ಳುವಾಗ ಟೈರಿನ ಪಕ್ಕದ ನಾಲ್ಕು ಅಂಕಿ ಓದಿ: 2324 ಎಂದಿದ್ದರೆ 2024ರ 23ನೇ ವಾರ ತಯಾರಾದದ್ದು. ಅಗ್ಗವೆಂದು ಹಳೆಯ ದಾಸ್ತಾನು ತಂದರೆ ರಬ್ಬರು ಗಡುಸಾಗಿರುತ್ತದೆ.

ಮಳೆಯಲ್ಲಿ ಗಾಳಿ ಇಳಿಸಿದರೆ ಹಿಡಿತ ಹೆಚ್ಚೆಂದು ಕೆಲವು ಚಾಲಕರು ಹೇಳುತ್ತಾರೆ. ಡಾಂಬರು ರಸ್ತೆಯಲ್ಲಿ ಅದು ತಪ್ಪು, ತುಂಬಿದ ಲಾರಿಗಂತೂ ಅಪಾಯ.

ಆಡಳಿತ ಮಂಡಳಿಯವರು ಮೇ ತಿಂಗಳಲ್ಲೇ ಒಂದು ದಿನ ಬಾಡಿಗೆ ಲಾರಿಯ ಟೈರುಗಳನ್ನೆಲ್ಲ ಬಗ್ಗಿ ನೋಡಲಿ, ಸ್ಟೆಪ್ನಿಯನ್ನೂ ಸೇರಿಸಿ.