ಮೋಡದ ಒಡಲಿನ ಹೊಗೆ

ಕಾಳಿದಾಸನು ‘ಮೇಘದೂತ’ದಲ್ಲಿ ಮೋಡದ ಘಟಕಗಳನ್ನು ಹೆಸರಿಸುವಾಗ ಹೊಗೆಯನ್ನೂ ಸೇರಿಸಿದ್ದಾನೆ. ಕವಿಯ ಈ ಮಾತನ್ನು ವಿಜ್ಞಾನವೂ ಒಂದು ಅರ್ಥದಲ್ಲಿ ಒಪ್ಪುತ್ತದೆ. ಗಾಳಿಯಲ್ಲಿರುವ ನೀರಾವಿ ತಾನಾಗಿ ಸುಲಭದಲ್ಲಿ ಹನಿಗಟ್ಟುವುದಿಲ್ಲ. ಆತುಕೊಳ್ಳಲು ಅದಕ್ಕೊಂದು ಕಣ ಬೇಕು. ಧೂಳು, ಕಡಲಿನ ಉಪ್ಪು, ಹೊಗೆ ಇವು ಅಂಥ ಕಣಗಳನ್ನು ಒದಗಿಸುತ್ತವೆ. ಸ್ಕಾಟ್ಲೆಂಡಿನ ಜಾನ್ ಏಟ್ಕನ್ 1880ರ ದಶಕದಲ್ಲಿಯೇ ಇದನ್ನು ಪ್ರಯೋಗಗಳಿಂದ ತೋರಿಸಿಕೊಟ್ಟರು.

ಹಾಗಾದರೆ ಕಾರ್ಖಾನೆಗಳ ಹೊಗೆ ಹೆಚ್ಚಿದಷ್ಟೂ ಮಳೆಯೂ ಹೆಚ್ಚಬೇಕಲ್ಲವೆ? ಪ್ರಕೃತಿಯ ಲೆಕ್ಕ ಅಷ್ಟು ಸರಳವಲ್ಲ. ಕಲ್ಲಿದ್ದಲನ್ನೂ ಎಣ್ಣೆಯನ್ನೂ ಉರಿಸಿದಾಗ ಹೊರಬೀಳುವ ಗಂಧಕದ ಅನಿಲವು ಗಾಳಿಯಲ್ಲಿ ಸಲ್ಫೇಟಿನ ಸೂಕ್ಷ್ಮ ಕಣಗಳಾಗಿ ಮಾರ್ಪಡುತ್ತದೆ. ಮೋಡದಲ್ಲಿರುವ ನೀರು ಅಷ್ಟೇ. ಅದನ್ನು ಹಂಚಿಕೊಳ್ಳುವ ಕಣಗಳು ಮಾತ್ರ ಹಲವು ಪಟ್ಟು. ಹತ್ತು ಜನರ ಅಡುಗೆಯನ್ನು ನೂರು ಎಲೆಗೆ ಬಡಿಸಿದಂತೆ, ಒಂದೊಂದು ಹನಿಯ ಪಾಲೂ ಕಿರಿದಾಗುತ್ತದೆ. ಒಂದು ಮಳೆಹನಿಯಾಗಲು ಸುಮಾರು ಹತ್ತು ಲಕ್ಷ ಮೋಡಹನಿಗಳು ಒಂದುಗೂಡಬೇಕು. ಅತಿ ಸಣ್ಣ ಹನಿಗಳಾದರೋ ಗಾಳಿಯೊಡನೆ ತೇಲುತ್ತ, ಒಂದಕ್ಕೊಂದು ತಾಗದೆ ಸಾಗಿಬಿಡುತ್ತವೆ. ಹೀಗೆ ಮೋಡವಿದ್ದೂ ಮಳೆ ತಡೆಯುತ್ತದೆ.

2000ನೆಯ ಇಸವಿಯಲ್ಲಿ ಇಸ್ರೇಲಿನ ಡೇನಿಯಲ್ ರೋಸೆನ್‌ಫೆಲ್ಡ್ ಉಪಗ್ರಹದ ನೆರವಿನಿಂದ ಇದಕ್ಕೆ ಸಾಕ್ಷ್ಯ ಒದಗಿಸಿದರು. ದಕ್ಷಿಣ ಆಸ್ಟ್ರೇಲಿಯದ ಪೋರ್ಟ್ ಪಿರಿಯಲ್ಲಿ ಸೀಸ ಕರಗಿಸುವ ಕಾರ್ಖಾನೆಯಿತ್ತು. ಪೋರ್ಟ್ ಆಗಸ್ಟಾದಲ್ಲಿ ವಿದ್ಯುತ್ ಸ್ಥಾವರವಿತ್ತು. ಅಲ್ಲಿಂದ ಹೊರಟ ಹೊಗೆಯ ದಾರಿ ಮೋಡಗಳಲ್ಲಿ ಗೆರೆಯೆಳೆದಂತೆ ಮೂಡಿತ್ತು. ಆ ಗೆರೆಯೊಳಗಿನ ಹನಿಗಳು ಸಣ್ಣವು, ಮಳೆಯ ಸುಳಿವಿಲ್ಲ. ಆಚೀಚಿನ ಮೋಡಗಳು ಮಳೆಗರೆಯುತ್ತಿದ್ದವು.

ಅದೇ ಕಾರ್ಖಾನೆ ಶೀತಪ್ರದೇಶದಲ್ಲಿ ಇದಕ್ಕೆ ವಿರುದ್ಧವಾದ ಫಲವನ್ನೂ ಕೊಡಬಲ್ಲದು. ಮೋಡದ ಹನಿಗಳು ಸೊನ್ನೆ ಡಿಗ್ರಿಗಿಂತ ಕೆಳಗೂ ಹೆಪ್ಪುಗಟ್ಟದೆ ನೀರಾಗಿಯೇ ಉಳಿಯುವುದುಂಟು. ಕಾರ್ಖಾನೆಯ ಕೆಲವು ಕಣಗಳು ಅವುಗಳ ನಡುವೆ ಹಿಮದ ಬೀಜಗಳಾಗುತ್ತವೆ. ಹಿಮದ ಹರಳು ಸುತ್ತಲಿನ ಹನಿಗಳ ಆವಿಯನ್ನು ಸೆಳೆದುಕೊಂಡು ಬೆಳೆದು ಕೆಳಗೆ ಬೀಳುತ್ತದೆ, ಮೋಡ ಬರಿದಾಗುತ್ತದೆ. ಎಸ್ಟೋನಿಯದ ವೆಲ್ಲೆ ಟೋಲ್ ಮತ್ತು ಸಂಗಡಿಗರು ಉತ್ತರ ಅಮೆರಿಕ, ಯುರೋಪುಗಳ ಕೈಗಾರಿಕಾ ಕೇಂದ್ರಗಳ ಬಳಿ ಇಂಥ ಹಿಮಪಾತವನ್ನೂ ಮೋಡ ತೆರವಾದ ಪಟ್ಟಿಗಳನ್ನೂ ಗುರುತಿಸಿ 2024ರಲ್ಲಿ ಪ್ರಕಟಿಸಿದರು.

ಇನ್ನೊಂದು ಪರಿಣಾಮ ಇಡೀ ಭೂಮಿಗೆ ಸಂಬಂಧಿಸಿದುದು. ಹರಳುಪ್ಪನ್ನು ಪುಡಿಮಾಡಿದರೆ ಹೆಚ್ಚು ಬೆಳ್ಳಗೆ ಕಾಣುವಂತೆ, ಹನಿಗಳು ಸಣ್ಣವಾಗಿ ಅಸಂಖ್ಯವಾದಾಗ ಮೋಡ ಬಿಸಿಲನ್ನು ಹೆಚ್ಚಾಗಿ ಹಿಂದಕ್ಕೆ ಎಸೆಯುತ್ತದೆ. ಷಾನ್ ಟೂಮೆ 1970ರ ದಶಕದಲ್ಲಿ ಇದನ್ನು ವಿವರಿಸಿದರು. ಇಂಗಾಲದ ಡೈಆಕ್ಸೈಡು ಉಂಟುಮಾಡಿದ ತಾಪದ ಒಂದಂಶವನ್ನು ಈ ಬಿಳಿಮೋಡಗಳು ಮರೆಮಾಡಿವೆ. 2020ರ ಜನವರಿ 1ರಿಂದ ಹಡಗುಗಳ ಇಂಧನದಲ್ಲಿ ಗಂಧಕದ ಮಿತಿಯನ್ನು ಶೇಕಡ 3.5ರಿಂದ 0.5ಕ್ಕೆ ಇಳಿಸಿದ ಮೇಲೆ, ಕಡಲ ಮೋಡಗಳಲ್ಲಿ ಹಡಗುಗಳ ಹೊಗೆ ಮೂಡಿಸುತ್ತಿದ್ದ ಬಿಳಿಗೆರೆಗಳು ವಿರಳವಾದವು.

ಹಾಗೆಂದು ಹೊಗೆಯನ್ನು ನೆರಳೀಯುವ ಕೊಡೆಯೆಂದು ಉಳಿಸಿಕೊಳ್ಳಬಹುದೆ? ಅದೇ ಕಣಗಳು ಶ್ವಾಸಕೋಶವನ್ನು ಹೊಕ್ಕು ಆಯುಸ್ಸನ್ನು ಕಡಿಯುತ್ತವೆ. ಅದೇ ಗಂಧಕ ಆಮ್ಲಮಳೆಯಾಗಿ ನೆಲಕ್ಕೆ ಬೀಳುತ್ತದೆ. ಅಲ್ಲದೆ ಈ ಕಣಗಳು ಕೆಳಗಣ ವಾಯುವಿನಲ್ಲಿ ನಿಲ್ಲುವುದು ಕೆಲವೇ ದಿನ. ಇಂಗಾಲದ ಡೈಆಕ್ಸೈಡಿನ ಗಣನೀಯ ಭಾಗ ಶತಮಾನಗಳ ಕಾಲ ಉಳಿಯುತ್ತದೆ. ಕೊಡೆಯನ್ನು ಮಡಚುವುದು ಅನಿವಾರ್ಯ. ಅದರೊಡನೆಯೇ ಬಿಸಿಲೇರಿಸುವ ಅನಿಲಕ್ಕೂ ಕಡಿವಾಣ ಹಾಕಬೇಕು. ಒಂದನ್ನು ಮಾಡಿ ಇನ್ನೊಂದನ್ನು ಮರೆತರೆ, ಈವರೆಗೆ ಮರೆಯಲ್ಲಿದ್ದ ತಾಪವೆಲ್ಲ ನಮ್ಮ ಮಕ್ಕಳ ತಲೆಯ ಮೇಲೆ ಇಳಿದೀತು.