ಎಗ್ಮೋರ್‌ಗೆ ದಾರಿ ಯಾವುದು? ಕಾರಿನ ಜಿಪಿಎಸ್ ಬಗ್ಗೆ ನಂಬಿದ್ದೆಷ್ಟು, ನಿಜವೆಷ್ಟು

ಅಮ್ಮನ ಕಣ್ಣಿನ ಆಪರೇಷನ್, ಮಗುವಿನ ಚಿಕಿತ್ಸೆ, ರಾಮೇಶ್ವರದ ರೈಲು. ಬೆಂಗಳೂರು, ಕೋಲಾರದ ಕಡೆಯಿಂದ ಕಾರಿನಲ್ಲಿ ಚೆನ್ನೈನ ಎಗ್ಮೋರ್‌ಗೆ ಹೊರಡುವವರು ಹೆಚ್ಚಾಗಿ ಇಂಥ ಕಾರಣ ಇಟ್ಟುಕೊಂಡೇ ಹೊರಡುತ್ತಾರೆ. 1819ರಲ್ಲಿ ಶುರುವಾದ ಸರ್ಕಾರಿ ಕಣ್ಣಾಸ್ಪತ್ರೆ ಅಲ್ಲಿದೆ, ಹಾಲ್ಸ್ ರೋಡಿನಲ್ಲಿ ಮಕ್ಕಳ ಆಸ್ಪತ್ರೆಯಿದೆ, ದಕ್ಷಿಣ ತಮಿಳುನಾಡಿಗೆ ಹೋಗುವ ರೈಲುಗಳ ದೊಡ್ಡ ನಿಲ್ದಾಣವಿದೆ. ಹೊತ್ತಿಗೆ ಸರಿಯಾಗಿ ಮುಟ್ಟಲೇಬೇಕಾದ ಪ್ರಯಾಣ ಇದು. ಅದಕ್ಕೇ ಮನೆಯವರು ಹೊರಡುವ ಮುನ್ನ ಡ್ಯಾಶ್‌ಬೋರ್ಡಿಗೆ ಅಂಟಿಸುವ ಒಂದು ಜಿಪಿಎಸ್ ನ್ಯಾವಿಗೇಟರ್ ಕೊಳ್ಳುವ ಮಾತೆತ್ತುತ್ತಾರೆ. ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ: "ಇದು ಎಷ್ಟು ಸ್ಯಾಟಲೈಟ್ ಹಿಡಿಯುತ್ತೆ?"

ಕೇಳಬೇಕಾದ ಪ್ರಶ್ನೆ ಅದಲ್ಲ. ಒಳ್ಳೆಯ ಯಂತ್ರಕ್ಕೂ ತಲೆನೋವಿನ ಯಂತ್ರಕ್ಕೂ ಇರುವ ವ್ಯತ್ಯಾಸ ಉಪಗ್ರಹದಲ್ಲಿಲ್ಲ. ಅದು ಯಂತ್ರದೊಳಗಿನ ನಕ್ಷೆಯಲ್ಲಿದೆ, ನಾವು ಅದಕ್ಕೆ ಹೇಳುವ ವಿಳಾಸದಲ್ಲಿದೆ.

ಉಪಗ್ರಹ ಏನು ಮಾಡುತ್ತದೆ ಎಂಬುದರ ಬಗ್ಗೆಯೇ ದೊಡ್ಡ ತಪ್ಪು ತಿಳಿವಳಿಕೆಯಿದೆ. ಅದು ಮೇಲಿನಿಂದ ನಮ್ಮ ಕಾರನ್ನು ನೋಡುತ್ತಿರುತ್ತದೆ, ದಾರಿಯನ್ನೂ ಅದೇ ಹೇಳುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಅಮೆರಿಕದ ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ. ಅವು ಬಿತ್ತರಿಸುವುದು ಮುಖ್ಯವಾಗಿ ಎರಡೇ ಸಂಗತಿ: ಈಗ ಸಮಯ ಎಷ್ಟು, ನಾನು ಎಲ್ಲಿದ್ದೇನೆ. ನಮ್ಮ ಯಂತ್ರ ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಕೇಳಿ, ಒಂದೊಂದೂ ಬಂದು ಸೇರಲು ಹಿಡಿದ ಹೊತ್ತು ಲೆಕ್ಕಹಾಕಿ, ತಾನಿರುವ ಜಾಗವನ್ನು ತಾನೇ ಕಂಡುಕೊಳ್ಳುತ್ತದೆ. ರೇಡಿಯೋ ಕೇಳಿದ ಹಾಗೆ. ಯಾರು ಕೇಳುತ್ತಿದ್ದಾರೆಂದು ಆಕಾಶವಾಣಿಗೆ ಗೊತ್ತಾಗುವುದಿಲ್ಲ. ಗಡಿಯಾರದಲ್ಲಿ ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ತಪ್ಪಿದರೂ ದೂರದ ಲೆಕ್ಕ 300 ಮೀಟರ್ ತಪ್ಪುತ್ತದೆ. ಉಪಗ್ರಹದಲ್ಲಿ ಪರಮಾಣು ಗಡಿಯಾರ ಇಟ್ಟಿರುವುದು ಇದೇ ಕಾರಣಕ್ಕೆ.

"ನೆಟ್ ಇಲ್ಲದಿದ್ದರೆ ಜಿಪಿಎಸ್ ನಡೆಯೋಲ್ಲ" ಎಂಬ ಮಾತೂ ಇಲ್ಲಿಗೇ ಬಿದ್ದುಹೋಗುತ್ತದೆ. ಜಾಗ ಕಂಡುಹಿಡಿಯಲು ಸಿಮ್ ಬೇಡ, ಡೇಟಾ ಬೇಡ. ನಕ್ಷೆಯನ್ನು ಮೊದಲೇ ಹೊಟ್ಟೆಯಲ್ಲಿಟ್ಟುಕೊಂಡ ನ್ಯಾವಿಗೇಟರ್, ಅಥವಾ ಆಫ್‌ಲೈನ್ ನಕ್ಷೆ ಇಳಿಸಿಕೊಂಡ ಫೋನ್, ಸಿಗ್ನಲ್ ಸತ್ತುಹೋದ ಹೆದ್ದಾರಿಯಲ್ಲೂ ದಾರಿ ಹೇಳುತ್ತದೆ. ನೆಟ್ ಬೇಕಾಗುವುದು ಹೊಸ ನಕ್ಷೆಗೆ ಮತ್ತು ಟ್ರಾಫಿಕ್ ತಿಳಿಯಲು. ರಸ್ತೆ ಕೆಂಪಾಗಿ ಕಾಣುವುದು ಉಪಗ್ರಹ ಇಣುಕಿ ನೋಡಿದ್ದರಿಂದಲ್ಲ, ಆ ರಸ್ತೆಯಲ್ಲಿ ತೆವಳುತ್ತಿರುವ ಇತರರ ಫೋನುಗಳು ತಮ್ಮ ವೇಗವನ್ನು ಕಂಪನಿಗೆ ಕಳಿಸುತ್ತಿರುವುದರಿಂದ. ಫೋನ್ ನಮ್ಮ ಜಾಗವನ್ನು ಹೊರಗೆ ಹೇಳುತ್ತದೆ ಎಂಬ ಆತಂಕ ಸುಳ್ಳಲ್ಲ. ಆದರೆ ಹೇಳುವುದು ನೆಟ್ ಮೂಲಕ, ಉಪಗ್ರಹದ ಮೂಲಕ ಅಲ್ಲ. ಸಿಮ್ ಇಲ್ಲದ, ಫೋನಿಗೂ ನೆಟ್ಟಿಗೂ ಜೋಡಿಸದ ನ್ಯಾವಿಗೇಟರಿಗೆ ಪ್ರಯಾಣದ ನಡುವೆ ಆ ದಾರಿಯೂ ಇಲ್ಲ.

ಅಮೆರಿಕ ಬೇಕೆಂದೇ ಜಿಪಿಎಸ್‌ನಲ್ಲಿ ತಪ್ಪು ಬೆರೆಸುತ್ತದೆ ಎಂಬುದು ಹಿಂದೊಮ್ಮೆ ನಿಜವಾಗಿತ್ತು. ಜನಸಾಮಾನ್ಯರ ಸಂಕೇತವನ್ನು ಹಾಗೆ ಮಸುಕು ಮಾಡುವುದನ್ನು 2000ದ ಮೇ ತಿಂಗಳಲ್ಲಿ ನಿಲ್ಲಿಸಿದ್ದಾರೆ. ಇವತ್ತು ಬಯಲಿನಲ್ಲಿ ಸಾಧಾರಣ ಫೋನ್ ಕೂಡ ಐದು ಮೀಟರಿನ ಆಸುಪಾಸಿನಲ್ಲಿ ಜಾಗ ತೋರಿಸುತ್ತದೆ.

ಹಾಗಾದರೆ ಐದು ಮೀಟರಿನ ಲೆಕ್ಕ ಹೇಳುವ ಯಂತ್ರ ನಮ್ಮನ್ನು ತಪ್ಪು ಬಾಗಿಲಿಗೆ ಒಯ್ಯುವುದೇಕೆ? ಇದಕ್ಕೆ ಎಗ್ಮೋರಿನ ಇತಿಹಾಸದಲ್ಲೇ ಉತ್ತರವಿದೆ. 1786ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವಿಲಿಯಂ ಪೆಟ್ರಿ ಇಲ್ಲೇ ತನ್ನದೊಂದು ಖಾಸಗಿ ವೀಕ್ಷಣಾಲಯ ಕಟ್ಟಿಸಿದ. ಮುಂದೆ ಕಂಪನಿ ಅದನ್ನು ವಹಿಸಿಕೊಂಡು, 1792ರಲ್ಲಿ ಪಕ್ಕದ ನುಂಗಂಬಾಕ್ಕಂನಲ್ಲಿ ಮದ್ರಾಸ್ ವೀಕ್ಷಣಾಲಯವಾಗಿ ನೆಲೆಗೊಳಿಸಿತು. 1802ರಲ್ಲಿ ಸೇಂಟ್ ಥಾಮಸ್ ಮೌಂಟ್ ಬಳಿ ತಳರೇಖೆ ಅಳೆದು ವಿಲಿಯಂ ಲ್ಯಾಂಬ್ಟನ್ ದೇಶದ ಮಹಾ ಮೋಜಣಿ ಆರಂಭಿಸಿದಾಗ ರೇಖಾಂಶಕ್ಕೆ ಆಧಾರವಾದದ್ದು ಈ ವೀಕ್ಷಣಾಲಯ. ಅಳತೆ ಬೆರಗು ಹುಟ್ಟಿಸುವಷ್ಟು ನಿಖರವಾಗಿತ್ತು. ಆದರೆ ಮದ್ರಾಸಿನ ರೇಖಾಂಶವನ್ನೇ ಕೋನದ ಲೆಕ್ಕದಲ್ಲಿ ಸುಮಾರು ಎರಡೂವರೆ ಮಿನಿಟ್‌ನಷ್ಟು ತಪ್ಪಾಗಿ ಹಿಡಿದಿದ್ದರಿಂದ ಹಳೆಯ ಸರ್ವೇ ನಕ್ಷೆಗಳೆಲ್ಲ ಗ್ರೀನ್‌ವಿಚ್ ಲೆಕ್ಕದಲ್ಲಿ ನಾಲ್ಕು ಕಿಲೋಮೀಟರಿಗೂ ಹೆಚ್ಚು ಪಕ್ಕಕ್ಕೆ ಸರಿದು ಕೂತಿದ್ದವು. ಊರಿಂದ ಊರಿಗೆ ಇರುವ ದೂರ ಸರಿ, ಇಡೀ ಹಾಳೆ ಮಾತ್ರ ಸರಿದಿದೆ. ಅಳತೆ ಬೇರೆ, ನಕ್ಷೆ ಬೇರೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಇಂದಿನ ಯಂತ್ರಗಳಲ್ಲಿ ಅಂಥ ದೋಷವಿಲ್ಲ ನಿಜ. ಆದರೂ ಜಾಗ ಸರಿಯಾಗಿದ್ದು ನಕ್ಷೆ ತಪ್ಪುವುದು ಇಂದಿಗೂ ನಡೆಯುತ್ತದೆ.

1908ರಲ್ಲಿ ತೆರೆದ ಎಗ್ಮೋರ್ ನಿಲ್ದಾಣವನ್ನೇ ನೋಡಿ. ಕೆಂಪು ಕಟ್ಟಡ, ಬಿಳಿ ಗುಮ್ಮಟವಿರುವ ಮುಖ್ಯ ದ್ವಾರ ದಕ್ಷಿಣಕ್ಕೆ, ಗಾಂಧಿ ಇರ್ವಿನ್ ರೋಡಿನಲ್ಲಿದೆ. ಹಿಂಬದಿಯ ದ್ವಾರ ಉತ್ತರಕ್ಕೆ, ಪೂನಮಲ್ಲಿ ಹೈ ರೋಡಿನ ಕಡೆ. ನಡುವೆ ಹಳಿಗಳ ಸಾಲು. ಬೆಂಗಳೂರಿನಿಂದ ಶ್ರೀಪೆರಂಬದೂರು, ಪೂನಮಲ್ಲಿ ಮೇಲೆ ಬರುವವರಿಗೆ ಉತ್ತರದ ದ್ವಾರವೇ ಮೊದಲು ಸಿಗುತ್ತದೆ. ಯಂತ್ರದಲ್ಲಿ ಬರೀ "ಎಗ್ಮೋರ್ ಸ್ಟೇಷನ್" ಎಂದು ಒತ್ತಿದರೆ ಗುರುತು ಬೀಳುವುದು ಬಹುಶಃ ಹಳಿಗಳ ಮಧ್ಯೆ. ಅಲ್ಲಿಗೆ ಹತ್ತಿರದ ರಸ್ತೆ ಯಾವುದೋ ಅಲ್ಲಿ ಇಳಿಸಿ, ತಲುಪಿದಿರಿ ಎನ್ನುತ್ತದೆ. ಮೊಣಕಾಲು ನೋವಿರುವ ಹಿರಿಯರನ್ನೂ ಪೆಟ್ಟಿಗೆಗಳನ್ನೂ ಇಳಿಸಿಯಾದ ಮೇಲೆ ಬೇಕಾದ ಬಾಗಿಲು ಆ ಕಡೆ ಎಂದು ತಿಳಿದರೆ, ಮುಂದೆ ಮೇಲ್ಸೇತುವೆಯ ಮೆಟ್ಟಿಲು. 2018ರಲ್ಲಿ ತೆರೆದ ನೆಲದಡಿಯ ಮೆಟ್ರೋ ನಿಲ್ದಾಣದ ಹೆಸರೂ ಎಗ್ಮೋರ್ ಎಂದೇ. ಪಟ್ಟಿಯಲ್ಲಿ ಎರಡೂ ಒಂದರ ಕೆಳಗೊಂದು ಬರುತ್ತವೆ. ಹಾಗಾಗಿ ಹೆಸರು ಒತ್ತಿ ಬಿಟ್ಟರೆ ಸಾಲದು. ನಕ್ಷೆಯನ್ನು ಹಿಗ್ಗಿಸಿ, ಹಳಿ ಯಾವ ಪಕ್ಕಕ್ಕಿದೆ ನೋಡಿ, ಬೇಕಾದ ದ್ವಾರದ ಮುಂದಿನ ರಸ್ತೆಯ ಮೇಲೆ ಬೆರಳಿಟ್ಟು ಗುರುತು ಹಾಕಬೇಕು. ಇದನ್ನು ಸಲೀಸಾಗಿ ಮಾಡಲು ಬಿಡುವ ಯಂತ್ರವನ್ನೇ ನಾನು ಸುಲಭದ ಯಂತ್ರ ಎನ್ನುತ್ತೇನೆ. ಪರದೆ ಎಷ್ಟು ಇಂಚು ಎಂಬುದು ಆಮೇಲಿನ ಮಾತು.

ರಸ್ತೆಗಳಿಗೂ ಎರಡೆರಡು ಹೆಸರು. ಪೂನಮಲ್ಲಿ ಹೈ ರೋಡ್ ಸರ್ಕಾರಿ ಫಲಕದಲ್ಲಿ ಪೆರಿಯಾರ್ ಹೆಸರಿನ ಸಾಲೈ. ಕಣ್ಣಾಸ್ಪತ್ರೆಯ ಮಾರ್ಷಲ್ಸ್ ರೋಡ್ ಈಗ ರುಕ್ಮಿಣಿ ಲಕ್ಷ್ಮೀಪತಿ ಸಾಲೈ. ಆಟೋದವರು ಹಳೆಯ ಹೆಸರು ಹೇಳುತ್ತಾರೆ, ಯಂತ್ರ ಹೊಸದನ್ನು ಓದುತ್ತದೆ. ಕೊಳ್ಳುವ ಮುಂಚೆ ಎರಡನ್ನೂ ಟೈಪ್ ಮಾಡಿ ನೋಡಿ. ಒಂದನ್ನು ಮಾತ್ರ ಗುರುತಿಸುವ ಯಂತ್ರ ಚೆನ್ನೈಗೆ ಆಗಿಬರುವುದಿಲ್ಲ. ಉಡುಪಿಯ ಸೀತಾರಾಮ ರಾಯರು 1954ರಲ್ಲಿ ಪೂನಮಲ್ಲಿ ಹೈ ರೋಡಿನಲ್ಲಿ ಕಟ್ಟಿದ ದಾಸಪ್ರಕಾಶ ಹೋಟೆಲು ನಮ್ಮ ಹಿರಿಯರಿಗೆ ಎಗ್ಮೋರಿನ ಗುರುತೇ ಆಗಿತ್ತು. ಆ ಕಟ್ಟಡ ಈಗಿಲ್ಲ, ಗುರುತು ಮಾತ್ರ ಬಾಯಲ್ಲಿ ಉಳಿದಿದೆ. ಹಳೆಯ ನಕ್ಷೆಯ ನ್ಯಾವಿಗೇಟರಿನಲ್ಲೂ ಇಂಥ ಇಲ್ಲದ ಕಟ್ಟಡಗಳು ಇದ್ದಂತೆಯೇ ಕಾಣಿಸಿಕೊಳ್ಳುತ್ತವೆ.

ಅಮೆರಿಕದಿಂದ ಮಗ ತಂದುಕೊಟ್ಟ ಗಾರ್ಮಿನ್ ಕಂಪನಿಯ ನ್ಯಾವಿಗೇಟರ್ ಇಲ್ಲೂ ದಾರಿ ತೋರಿಸುತ್ತದೆ ಎಂಬ ನಂಬಿಕೆಗೆ ದುಡ್ಡು ಕಳೆದುಕೊಳ್ಳಬೇಡಿ. ಯಂತ್ರ ಎಗ್ಮೋರಿನಲ್ಲಿ ತನ್ನ ಜಾಗವನ್ನು ಸರಿಯಾಗಿಯೇ ಕಂಡುಕೊಳ್ಳುತ್ತದೆ. ಆದರೆ ಒಳಗಿರುವುದು ಉತ್ತರ ಅಮೆರಿಕದ ನಕ್ಷೆ. ಭಾರತದ್ದನ್ನು ಬೇರೆಯಾಗಿ ಹಾಕಿಸಬೇಕು. ಪೆಟ್ಟಿಗೆಯ ಮೇಲಿನ "ಲೈಫ್‌ಟೈಮ್ ಮ್ಯಾಪ್" ಎಂಬುದೂ ನಮ್ಮ ಆಯುಷ್ಯವಲ್ಲ, ಆ ಮಾದರಿಗೆ ಕಂಪನಿ ನಕ್ಷೆ ಕೊಡುವಷ್ಟು ಕಾಲ, ಅದೂ ಖರೀದಿಸಿದ ಪ್ರದೇಶಕ್ಕೆ. ಅಣ್ಣಾ ಸಾಲೈ ಪಕ್ಕದ ರಿಚಿ ಸ್ಟ್ರೀಟಿನಲ್ಲಿ ಹಳೆಯ ನ್ಯಾವಿಗೇಟರ್ ಅಗ್ಗಕ್ಕೆ ಸಿಕ್ಕರೂ ನಕ್ಷೆಯ ದಿನಾಂಕ ತೋರಿಸಿ ಎಂದು ಮೊದಲು ಕೇಳಿ. ಕೊನೆಯ ನಕ್ಷೆ ಹತ್ತು ವರ್ಷ ಹಿಂದಿನದಾದರೆ ಪುಕ್ಕಟೆ ಕೊಟ್ಟರೂ ನಾನು ಬೇಡ ಎನ್ನುತ್ತೇನೆ.

ಹತ್ತಿರದ ದಾರಿಯೇ ಒಳ್ಳೆಯ ದಾರಿ ಎಂಬುದೂ ಸರಿಯಲ್ಲ. ಯಂತ್ರವನ್ನು "ಶಾರ್ಟೆಸ್ಟ್" ಎಂದು ಇಟ್ಟರೆ ನೂರು ಮೀಟರ್ ಉಳಿಸಲು ನಿಲ್ದಾಣದೆದುರಿನ ಕೆನೆಟ್ ಲೇನ್‌ನಂಥ ಇಕ್ಕಟ್ಟಿನ ಓಣಿಗೂ ನುಗ್ಗಿಸಬಹುದು. ಲಾಡ್ಜುಗಳೆದುರು ಆಟೋಗಳು ನಿಂತಿರುವ ಅಲ್ಲಿ ಎದುರಿಗೊಂದು ವ್ಯಾನ್ ಬಂದರೆ ಮುಗಿಯಿತು. "ಫಾಸ್ಟೆಸ್ಟ್" ಇಟ್ಟು, ಹೊರಡುವ ಮುಂಚೆ ಇಡೀ ದಾರಿಯನ್ನೊಮ್ಮೆ ನಕ್ಷೆಯಲ್ಲಿ ನೋಡಿಕೊಳ್ಳುವುದು ಲೇಸು. ಒನ್ ವೇ ವಿಷಯದಲ್ಲಂತೂ ರಸ್ತೆಯ ಫಲಕವೇ ಅಂತಿಮ. ಪೊಲೀಸರು ದಿಕ್ಕು ಬದಲಿಸಿದ ಸುದ್ದಿ ನಕ್ಷೆಗೆ ಮುಟ್ಟಲು ಸಮಯ ಹಿಡಿಯುತ್ತದೆ. ಮೇಲ್ಸೇತುವೆಯ ಮೇಲೋ ಕೆಳಗೋ ಎಂಬುದರಲ್ಲೂ ಯಂತ್ರ ಎಡವುತ್ತದೆ, ಏಕೆಂದರೆ ಜಿಪಿಎಸ್ ಎತ್ತರವನ್ನು ಜಾಗದಷ್ಟು ಚೆನ್ನಾಗಿ ಹೇಳಲಾರದು.

ಇನ್ನು ಜಿಪಿಎಸ್‌ನಂಥದೇ ನಮ್ಮ ದೇಶದ ಉಪಗ್ರಹ ವ್ಯವಸ್ಥೆ, ನಾವಿಕ್. ಬೆಂಗಳೂರಿನ ಹೊರಗಿನ ಬ್ಯಾಲಾಳುವಿನಲ್ಲಿ ಇಸ್ರೋದ ನ್ಯಾವಿಗೇಷನ್ ಕೇಂದ್ರವಿದೆ, ಮೊದಲ ಉಪಗ್ರಹ 2013ರಲ್ಲಿ ಹಾರಿತು. ಹೆಮ್ಮೆಯ ಮಾತೇ. ಆದರೆ ನಾವಿಕ್ ಇಲ್ಲದ ಯಂತ್ರ ಕೆಲಸಕ್ಕೆ ಬಾರದು ಎನ್ನುವುದು ಮಾರಾಟದ ಮಾತು. ಹಲವು ದೇಶಗಳ ಉಪಗ್ರಹ ಕೇಳುವ ಯಂತ್ರಕ್ಕೆ ಎತ್ತರದ ಕಟ್ಟಡಗಳ ನಡುವೆ ಸ್ವಲ್ಪ ಅನುಕೂಲ, ಅಷ್ಟೆ.

ಒಳ್ಳೆಯ ಫೋನ್ ಇರುವವರಿಗೆ ಬೇರೆ ನ್ಯಾವಿಗೇಟರ್ ಬೇಕೇ? ಹೆಚ್ಚಿನವರಿಗೆ ಬೇಡ ಎಂಬುದು ನನ್ನ ನಿಲುವು. ಗಟ್ಟಿ ಹಿಡಿಕೆ, ಕಾರಿನ ಚಾರ್ಜರ್, ಕೋಲಾರದಿಂದ ಚೆನ್ನೈವರೆಗಿನ ಆಫ್‌ಲೈನ್ ನಕ್ಷೆ ಇದ್ದರೆ ಸಾಕು. ಪದೇ ಪದೇ ಕರೆ ಬರುವವರಿಗೆ, ಫೋನಿನ ಪರದೆಯಲ್ಲಿ ಪರದಾಡುವ ಹಿರಿಯ ಚಾಲಕರಿಗೆ, ದೊಡ್ಡಕ್ಷರದ, ದಾರಿ ತೋರಿಸುವುದೊಂದೇ ಕೆಲಸದ ಯಂತ್ರ ನಿಜವಾಗಿ ನೆಮ್ಮದಿ ಕೊಡುತ್ತದೆ. ಯಾವುದೇ ಆದರೂ ಕಾರು ಪೋರ್ಟಿಕೋದಿಂದ ಹೊರಬಂದ ಮೇಲೆ ಬಯಲಲ್ಲಿ ಒಂದೆರಡು ನಿಮಿಷ ಬಿಡಿ. ಬಹಳ ದಿನ ಮುಚ್ಚಿಟ್ಟ ನ್ಯಾವಿಗೇಟರಿಗೆ ಉಪಗ್ರಹದ ಪೂರ್ತಿ ವಿವರ ಕೇಳಿಸಿಕೊಳ್ಳಲು ಅಷ್ಟು ಹೊತ್ತು ಬೇಕು. ಫೋನನ್ನು ದಾರಿ ನೋಡಲು ಬಳಸಬಹುದೆಂದು 2020ರ ಅಕ್ಟೋಬರ್‌ನಿಂದ ಜಾರಿಯಾದ ಮೋಟಾರು ವಾಹನ ನಿಯಮ ಹೇಳುತ್ತದೆ, ಚಾಲಕನ ಗಮನ ಕೆಡಬಾರದೆಂಬ ಷರತ್ತಿನ ಮೇಲೆ. ಗಾಡಿ ಓಡುತ್ತಿರುವಾಗ ವಿಳಾಸ ಬದಲಿಸಬೇಕಾದರೆ ಆ ಕೆಲಸ ಪಕ್ಕದಲ್ಲಿ ಕೂತವರದು.