ಕಾರ್ಖಾನೆಯಲ್ಲಿ ಮಾತನಾಡುವ ಯಂತ್ರಗಳು

ಸಂಜೆಯ ಹೊತ್ತು ಶಿವಮೊಗ್ಗದ ಗಾಂಧಿ ಬಜಾರಿಗೆ ಸಾಮಾನು ತರಲು ಹೋದವರಿಗೆಲ್ಲ ಈಗ ಒಂದು ಹೊಸ ದನಿಯ ಪರಿಚಯವಾಗಿರುತ್ತದೆ. ನೀವು ದಿನಸಿ ಕೊಂಡು ಫೋನಿನಲ್ಲಿ ಹಣ ಸಲ್ಲಿಸುತ್ತೀರಿ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿರುವ ಅಂಗೈಯಗಲದ ಡಬ್ಬಿಯೊಂದು ಇಷ್ಟು ರೂಪಾಯಿ ಬಂತೆಂದು ಗಟ್ಟಿಯಾಗಿ ಸಾರುತ್ತದೆ. ಅಂಗಡಿಯ ಯಜಮಾನರು ತಲೆ ಎತ್ತಿ ನೋಡುವುದೂ ಇಲ್ಲ. ಆ ಡಬ್ಬಿಯೊಳಗೆ ಒಂದು ಸಿಮ್ ಉಂಟು, ಒಂದು ಪುಟ್ಟ ಧ್ವನಿವರ್ಧಕ ಉಂಟು. ದೂರದ ಗಣಕಯಂತ್ರ ಕಳಿಸಿದ ಸುದ್ದಿಯನ್ನು ಮೊಬೈಲ್ ಜಾಲದಿಂದ ಹಿಡಿದು ಹೇಳುವುದಷ್ಟೇ ಅದರ ಕೆಲಸ. ನಿಮ್ಮ ಮನೆಯ ರೇಡಿಯೋ ಹಿಡಿಯುವುದೂ ರೇಡಿಯೋ ಅಲೆಯನ್ನೇ, ಈ ಡಬ್ಬಿ ಹಿಡಿಯುವುದೂ ಅದನ್ನೇ. ಆದರೆ ನಿಲಯದ ಮಾತು ಊರಿಗೆಲ್ಲ. ಡಬ್ಬಿಗೆ ಬರುವುದು ಅದೊಂದಕ್ಕೇ ಮೀಸಲಾದ ಮಾತು. ಅಲ್ಲದೆ ರೇಡಿಯೋ ಕೇಳಿಸಿಕೊಳ್ಳುತ್ತದೆಯೇ ಹೊರತು ಮರುನುಡಿಯುವುದಿಲ್ಲ. ಡಬ್ಬಿಯಾದರೋ ತಾನು ಎಚ್ಚರವಾಗಿದ್ದೇನೆಂದು ತಿರುಗಿ ಸುದ್ದಿ ಕಳಿಸಬಲ್ಲದು.

ಇಂಥದೊಂದು ಡಬ್ಬಿಯನ್ನು ಕಾರ್ಖಾನೆಯ ಮೋಟಾರಿನ ಮೈಮೇಲೆ ಕೂಡಿಸಿದರೆ ಏನಾದೀತು? ಈಗ ಲೋಕದ ಕಾರ್ಖಾನೆಗಳಲ್ಲೆಲ್ಲ ನಡೆಯುತ್ತಿರುವುದು ಇದೇ.

ನಮ್ಮ ಸೀಮೆಗೆ ಕಾರ್ಖಾನೆ ಹೊಸ ಮಾತಲ್ಲ. ೧೯೨೩ರಲ್ಲಿ ಭದ್ರಾವತಿಯ ಊದುಕುಲುಮೆ ಮಲೆನಾಡಿನ ಇದ್ದಿಲನ್ನುಂಡು ಕಬ್ಬಿಣ ಇಳಿಸತೊಡಗಿದ ಮೇಲೆ, ಎರಕದ ಕೆಲಸ ಲೇತಿನ ಕೆಲಸ ಬಲ್ಲ ಮನೆತನಗಳು ಇಲ್ಲಿ ಬೇರೂರಿದವು. ಎರಡೂ ಊರುಗಳ ನಡುವಣ ಮಾಚೇನಹಳ್ಳಿಯಲ್ಲೂ ಶಿವಮೊಗ್ಗದ ಸುತ್ತಮುತ್ತಲೂ ಇರುವ ಎರಕದ ಮನೆಗಳಲ್ಲಿ ವಾಹನಗಳ ಬಿಡಿಭಾಗಗಳು ತಯಾರಾಗುತ್ತವೆ. ಅಲ್ಲೊಂದು ಕಡೆ ದುಡಿಯುವ ನನ್ನ ಹಳೆಯ ವಿದ್ಯಾರ್ಥಿ ಒಮ್ಮೆ ಹೇಳಿದ: "ಮೇಷ್ಟ್ರೇ, ನಮ್ಮಲ್ಲಿ ಒಬ್ಬ ಫಿಟರು ಇದ್ದಾರೆ. ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿಗೆ ತಾಗಿಸಿ, ಹಿಡಿಯನ್ನು ಕಿವಿಗೊತ್ತಿ, ಇದು ಇನ್ನು ಹದಿನೈದು ದಿನ ಅಂದರೆ ಹದಿನೈದೇ ದಿನ. ಬರುವ ವರ್ಷ ಅವರು ನಿವೃತ್ತರಾಗ್ತಾರೆ." ವೈದ್ಯರು ನಾಡಿ ಹಿಡಿದಂತೆ ಆ ವಿದ್ಯೆ. ಹೊಸ ಉಪಕರಣ ಮಾಡಹೊರಟಿರುವುದೂ ಅದನ್ನೇ. ಅದಕ್ಕೆ ಸೆನ್ಸರ್ ಎಂದು ಹೆಸರು. ಪುಸ್ತಕಗಳಲ್ಲಿ ಸಂವೇದಕವೆಂದು ಬರೆಯುತ್ತಾರೆ. ಶಬ್ದ ಚೆನ್ನಾಗಿದೆ, ಆದರೆ ಕಾರ್ಖಾನೆಯ ಬಾಗಿಲು ದಾಟಿ ಒಳಗೆ ಹೋಗಿಲ್ಲವೆಂಬುದನ್ನು ಕನ್ನಡ ಪಂಡಿತನಾದ ನಾನೇ ಒಪ್ಪಬೇಕು.

ಅದರ ಬಗೆಯನ್ನು ಸ್ವಲ್ಪ ನೋಡೋಣ. ನಿಮಿಷಕ್ಕೆ ೧,೪೪೦ ಸುತ್ತು ತಿರುಗುವ ಮೋಟಾರೆಂದರೆ ಸೆಕೆಂಡಿಗೆ ೨೪ ಸುತ್ತು. ಅದರ ಬೇರಿಂಗಿನಲ್ಲಿ ಎಂಟು ಗುಂಡುಗಳಿವೆ ಎನ್ನಿ. ಹೊರಬಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಅದರ ಮೇಲೆ ಹಾದುಹೋಗುವ ಪ್ರತಿಯೊಂದು ಗುಂಡೂ ಸಣ್ಣದೊಂದು ಪೆಟ್ಟು ಕೊಡುತ್ತದೆ. ಗುಂಡುಗಳ ಸಾಲು ಅಚ್ಚಿನಷ್ಟು ವೇಗವಾಗಿ ಸುತ್ತುವುದಿಲ್ಲ, ಅಚ್ಚು ಹತ್ತು ಸುತ್ತು ಸುತ್ತುವಾಗ ಅದು ಸುಮಾರು ನಾಲ್ಕು ಸುತ್ತು ಸುತ್ತುತ್ತದೆ. ಆದ್ದರಿಂದ ಸೆಕೆಂಡಿಗೆ ಬೀಳುವ ಪೆಟ್ಟುಗಳು ಸುಮಾರು ೭೭. ಮೋಟಾರಿನ ಮೈಗೆ ಅಂಟಿಸಿದ ಸೆನ್ಸರು ಎಲ್ಲ ನಡುಕವನ್ನೂ ವಿದ್ಯುತ್ತಿನ ಏರಿಳಿತವಾಗಿ ಮಾರ್ಪಡಿಸಿ ಕಳಿಸುತ್ತದೆ. ಗಣಕಯಂತ್ರ ಆ ಗದ್ದಲವನ್ನು ಶ್ರುತಿ ಶ್ರುತಿಯಾಗಿ ಬಿಡಿಸುತ್ತದೆ. ರೇಡಿಯೋ ಕಚೇರಿಯಲ್ಲಿ ತಂಬೂರಿ, ಪಿಟೀಲು, ಮೃದಂಗ ಒಟ್ಟಿಗೆ ಮೊಳಗಿದರೂ ನಿಮ್ಮ ಕಿವಿ ಮೃದಂಗವನ್ನು ಬೇರೆಯಾಗಿ ಗುರುತಿಸುವುದಷ್ಟೆ? ಹಾಗೆಯೇ, ಮೊನ್ನೆಯವರೆಗೆ ಇಲ್ಲದ ೭೭ರ ಶ್ರುತಿ ಇಂದು ಎದ್ದರೆ ಹೊರಬಳೆ ಸೀಳಿತೆಂದು ತಿಳಿಯುತ್ತದೆ. ಮೋಟಾರು ನಡುರಾತ್ರಿಯಲ್ಲಿ ಹಠಾತ್ತನೆ ನಿಲ್ಲುವುದಕ್ಕೆ ಬದಲಾಗಿ, ಭಾನುವಾರದ ಬಿಡುವಿನಲ್ಲಿ ಬೇರಿಂಗು ಬದಲಾಗುತ್ತದೆ.

ಎರಕದ ಮನೆಯಲ್ಲಿ ಇಂಥ ಕಣ್ಣು ಕಿವಿಗಳಿಗೆ ಬೇರೆ ಕೆಲಸವೂ ಉಂಟು. ಅಚ್ಚಿನ ಮರಳಿನಲ್ಲಿ ತೇವ ಹೆಚ್ಚಾದರೆ, ಕರಗಿದ ಕಬ್ಬಿಣ ಬಿದ್ದೊಡನೆ ಅದು ಆವಿಯಾಗಿ ಎರಕದಲ್ಲಿ ಗುಳ್ಳೆ ನಿಲ್ಲುತ್ತದೆ. ಕಡಿಮೆಯಾದರೆ ಅಚ್ಚೇ ಉದುರುತ್ತದೆ. ಲೋಹ ಬಿಸಿ ಸಾಲದೆ ಹೋದರೆ ಮೂಲೆಗಳಿಗೆ ಹರಿಯುವುದಿಲ್ಲ. ತೇವ, ಬಿಸಿ, ಹೊತ್ತು ಮೂರನ್ನೂ ಪ್ರತಿ ಎರಕಕ್ಕೂ ಬರೆದಿಟ್ಟರೆ, ಕೆಟ್ಟ ಎರಕ ಯಾಕೆ ಕೆಟ್ಟಿತೆಂದು ಹಿಂದಿರುಗಿ ನೋಡಬಹುದು. ವಿದ್ಯುಚ್ಛಕ್ತಿಯ ಮೀಟರನ್ನು ಹೀಗೆ ಜೋಡಿಸಿದರೆ ಎರಡು ಕುಲುಮೆಗಳು ಒಂದೇ ಹೊತ್ತಿಗೆ ಉರಿದು ಬಿಲ್ಲು ಏರುವುದನ್ನೂ ತಪ್ಪಿಸಬಹುದು.

ಯಂತ್ರಗಳನ್ನು ಹೀಗೆ ಒಂದರೊಡನೊಂದು ಕೂಡಿಸುವುದನ್ನು ನಾಲ್ಕನೆಯ ಕೈಗಾರಿಕಾ ಕ್ರಾಂತಿ ಎನ್ನುತ್ತಾರೆ. ೨೦೧೧ರಲ್ಲಿ ಜರ್ಮನಿಯ ಹ್ಯಾನೋವರ್ ಮೇಳದಲ್ಲಿ ಹೊರಟ ಮಾತು. ನಮ್ಮಲ್ಲಿ ಕೇಂದ್ರ ಸರ್ಕಾರದ 'ಸಮರ್ಥ್ ಉದ್ಯೋಗ್' ಯೋಜನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆಯೂ ಸೇರಿವೆ. ಕ್ರಾಂತಿ ಎಂಬ ಮಾತು ನನಗೆ ಸ್ವಲ್ಪ ಭಾರವೆನಿಸುತ್ತದೆ.

ಜೋಡಣೆಗೆ ಇನ್ನೊಂದು ಮುಖವೂ ಇದೆ. ಸುದ್ದಿ ಹೊರಕ್ಕೆ ಹೋಗುವ ಬಾಗಿಲಿನಿಂದಲೇ ಕಳ್ಳನೂ ಒಳಕ್ಕೆ ಬರಬಹುದು. ಜರ್ಮನಿಯ ಉಕ್ಕಿನ ಕಾರ್ಖಾನೆಯೊಂದರ ಜಾಲಕ್ಕೆ ಹೀಗೆ ನುಗ್ಗಿದವರಿಂದಾಗಿ ಊದುಕುಲುಮೆಯನ್ನು ಕ್ರಮವಾಗಿ ನಿಲ್ಲಿಸಲಾಗದೆ ಭಾರಿ ಹಾನಿಯಾಯಿತೆಂದು ಆ ದೇಶದ ಸರ್ಕಾರಿ ಸಂಸ್ಥೆಯೇ ೨೦೧೪ರ ವರದಿಯಲ್ಲಿ ತಿಳಿಸಿತು. ೨೦೧೯ರ ಮಾರ್ಚಿಯಲ್ಲಿ ನಾರ್ವೆಯ ಅಲ್ಯೂಮಿನಿಯಮ್ ಕಂಪನಿ ಹೈಡ್ರೋದ ಗಣಕಯಂತ್ರಗಳಿಗೆ ಬೀಗ ಹಾಕಿ ಒತ್ತೆಹಣ ಕೇಳಿದರು. ಕಂಪನಿ ಹಣ ಕೊಡಲಿಲ್ಲ. ಹಲವು ಕಡೆ ಜನ ಕಾಗದ ಹಿಡಿದು ಕೈಯಿಂದಲೇ ಕೆಲಸ ನಡೆಸಿದರು. ಕೈಕೆಲಸ ಬಲ್ಲವರು ಉಳಿದಿದ್ದರಿಂದಲ್ಲವೇ ಅದು ಸಾಧ್ಯವಾದದ್ದು!

ಮತ್ತೊಂದು ಪ್ರಶ್ನೆ ಹೆಚ್ಚು ಹತ್ತಿರದ್ದು. ಮೋಟಾರಿನ ನಾಡಿ ಹಿಡಿಯುವ ಉಪಕರಣವೇ ಲೇತು ಎಷ್ಟು ಹೊತ್ತು ಖಾಲಿ ನಿಂತಿತೆಂದೂ ಬರೆಯುತ್ತದೆ. ಉಪಕರಣ ತಂದ ಕಚ್ಚಾಮಾಲು ಹೊತ್ತಿಗೆ ಬಾರದೆ ನಿಂತಿತೋ, ಆಳು ಚಹಕ್ಕೆ ಹೋದದ್ದರಿಂದ ನಿಂತಿತೋ ಅದಕ್ಕೆ ತಿಳಿಯದು. ಆ ಲೆಕ್ಕದಿಂದ ಕೂಲಿ ಮುರಿಯಹೊರಟರೆ ಕೆಲಸಗಾರರು ಸೆನ್ಸರಿಗೆ ಶತ್ರುಗಳಾಗುವುದು ಸಹಜ. ನಿಂತ ಕಾರಣವನ್ನು ಬರೆಯುವ ಅಧಿಕಾರ ಯಂತ್ರದ ಮುಂದೆ ನಿಂತವನಿಗೂ ಇರಬೇಕು. ಆ ಹಳೆಯ ಫಿಟರಿನ ವಿಷಯದಲ್ಲೂ ಹೀಗೆಯೇ: ಯಾವ ನಡುಕ ಕೇಡಿನದು, ಯಾವುದು ಆ ಯಂತ್ರದ ಹುಟ್ಟುಗುಣ ಎಂದು ಗಣಕಯಂತ್ರಕ್ಕೆ ಯಾರಾದರೂ ಹೇಳಿಕೊಡಬೇಕು. ಅವರು ನಿವೃತ್ತರಾದ ಮೇಲೆ ಉಪಕರಣ ತಂದರೆ ಹೇಳಿಕೊಡುವವರು ಯಾರು?

ಭದ್ರಾವತಿಯ ಓದುಗರು ಇಲ್ಲಿ ನಗಬಹುದು. ೨೦೨೩ರ ಜನವರಿಯಲ್ಲಿ ವಿಶ್ವೇಶ್ವರಯ್ಯ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಹೊರಬಿದ್ದು, ಅದೇ ಆಗಸ್ಟಿನಲ್ಲಿ ಬಾರ್ ಮಿಲ್ಲು ಮತ್ತೆ ಹೊರಳಿದ್ದನ್ನು ಕಂಡವರು ಅವರು. ತನ್ನದೇ ಅದಿರಿನ ಗಣಿ ಇಲ್ಲದಿರುವ ಕೊರತೆಯನ್ನೂ ಬಂಡವಾಳದ ಕೊರತೆಯನ್ನೂ ಯಾವ ಸೆನ್ಸರೂ ನೀಗಲಾರದು. ಅವರ ನಗೆ ನ್ಯಾಯವಾದದ್ದೇ.

ಆದರೆ ಸಣ್ಣ ಎರಕದ ಮನೆ, ಎರಡು ಲೇತಿನ ವರ್ಕ್‌ಶಾಪು ಇಟ್ಟುಕೊಂಡವರು ದೊಡ್ಡ ಖರ್ಚಿಗೆ ಹೆದರಬೇಕಾಗಿಲ್ಲ. ನಲವತ್ತು ವರ್ಷದ ಲೇತನ್ನೂ ಬಿಚ್ಚದೆ, ಅದಕ್ಕೆ ವಿದ್ಯುತ್ ತರುವ ಒಂದು ತಂತಿಯ ಸುತ್ತ ಉಂಗುರದಂಥ ಕ್ಲಾಂಪನ್ನು ತೊಡಿಸಬಹುದು. ತಂತಿಯನ್ನು ಮುಟ್ಟದೆಯೇ ಅದರಲ್ಲಿ ಹರಿಯುವ ಕರೆಂಟನ್ನು ಅದು ಅಳೆಯುತ್ತದೆ. ಉಳಿ ಮೊಂಡಾದಂತೆಲ್ಲ ಲೇತು ಹೆಚ್ಚು ಕರೆಂಟು ಎಳೆಯುವುದರಿಂದ, ಉಳಿಯನ್ನು ಯಾವಾಗ ಮಸೆಯಬೇಕೆಂಬುದು ಆ ಉಂಗುರದಿಂದಲೇ ಗೊತ್ತಾಗುತ್ತದೆ.